ಎಲೆ ಜೋತುಬಿತ್ತಾ? ನೀರು ಹಾಕೋ ಮುಂಚೆ ಕುಂಡ ಎತ್ತಿ ನೋಡಿ: ಆಫ್ರಿಕನ್ ವಯೊಲೆಟ್ ಮತ್ತದರ ನೆಂಟರ ದೋಷ ಪತ್ತೆ

ಹೋದ ಸಂಕ್ರಾಂತಿ ವಾರದಲ್ಲಿ ಒಂದು ಬೆಳಗ್ಗೆ ನಮ್ಮನೆ ಪೂರ್ವದ ಕಿಟಕಿ ಹತ್ರ ಮೂರು ಗಿಡ ಒಟ್ಟಿಗೆ ಜೋತುಬಿದ್ದಿದ್ವು. ಒಂದು ನೇರಳೆ ಹೂವಿನ ಆಫ್ರಿಕನ್ ವಯೊಲೆಟ್, ಒಂದು ಸ್ಟ್ರೆಪ್ಟೋಕಾರ್ಪಸ್, ಒಂದು ಕಂದು ಎಲೆಯ ಎಪೀಶಿಯಾ. ಮೂರರದ್ದೂ ಎಲೆ ಒದ್ದೆ ಬಟ್ಟೆ ಥರ ಕುಂಡದ ಅಂಚಿಗೆ ಇಳಿಬಿದ್ದಿತ್ತು. ನಮ್ಮತ್ತೆ ಚೊಂಬಲ್ಲಿ ನೀರು ಹಿಡ್ಕೊಂಡು ಬಂದ್ರು, "ಒಣಗಿಹೋಗಿದಾವೆ ನೋಡಮ್ಮ, ಒಂಚೂರು ನೀರು ಹಾಕು" ಅಂದ್ರು. ಹಾಕಿದ್ರೆ ಎರಡು ಗಿಡ ಹೋಗ್ತಿತ್ತು. ಯಾಕಂದ್ರೆ ಆವತ್ತು ನೀರು ಬೇಕಿದ್ದಿದ್ದು ಸ್ಟ್ರೆಪ್ಟೋಕಾರ್ಪಸ್‌ಗೆ ಮಾತ್ರ, ವಯೊಲೆಟ್‌ಗೆ ಬುಡ ಕೊಳೀತಾ ಇತ್ತು, ಎಪೀಶಿಯಾಗೆ ರಾತ್ರಿ ಕಿಟಕಿ ತೆಗೆದಿಟ್ಟಿದ್ದಕ್ಕೆ ಚಳಿ ಹೊಡೆದಿತ್ತು. ಕಣ್ಣಿಗೆ ಮೂರೂ ಒಂದೇ ಥರ ಕಾಣತ್ತೆ.

ಈ ಬರಹದ ವಿಷಯ ಅದೇ. ಮೂರೂ ಗೆಸ್ನೇರಿಯೇಸಿ ಅನ್ನೋ ಒಂದೇ ಸಸ್ಯ ಕುಟುಂಬದವು. ಈ ಕುಟುಂಬದ ಗಿಡಗಳಿಗೆ ತೊಂದರೆ ಆದ್ರೆ ಸಾಮಾನ್ಯವಾಗಿ ಮೊದಲು ತೋರ್ಸೋದು ಎಲೆ ಇಳಿಬಿಟ್ಟೇ, ನಾವು ಮೊದಲು ಮಾಡೋದು ನೀರು ಹಾಕೋದೇ, ಅಲ್ಲೇ ಎಡವಟ್ಟಾಗೋದು. ಗಿಡ ಜೋತುಬಿದ್ದಾಗ ಯಾವ ಕ್ರಮದಲ್ಲಿ ನೋಡ್ಬೇಕು, ನೋಡಿದ್ಮೇಲೆ ಏನ್ ಮಾಡ್ಬೇಕು ಅಂತ ಹನ್ನೊಂದು ವರ್ಷದಿಂದ ಬೆಂಗಳೂರಲ್ಲಿ ಬೆಳೆಸಿ ಕಲ್ತಿದ್ದನ್ನ ಬರೀತಿದೀನಿ.

ಮೊದಲು ಈ ಗಿಡ ಎಲ್ಲಿದು ಅಂತ ಗೊತ್ತಿದ್ರೆ ಅರ್ಧ ಸಮಸ್ಯೆ ತಾನಾಗೇ ಅರ್ಥ ಆಗತ್ತೆ. ಆಫ್ರಿಕನ್ ವಯೊಲೆಟ್ ಇರೋದು ಈಗಿನ ತಾಂಜಾನಿಯಾದ ಉಸಂಬರಾ ಬೆಟ್ಟಗಳಲ್ಲಿ ಮತ್ತೆ ಅದರ ಆಸುಪಾಸಲ್ಲಿ. 1892ರಲ್ಲಿ ಅಲ್ಲಿದ್ದ ಜರ್ಮನ್ ಅಧಿಕಾರಿ ವಾಲ್ಟರ್ ಫಾನ್ ಸೇಂಟ್ ಪೌಲ್ ಇಲೇರ್ ಅನ್ನೋರು ಇದನ್ನ ಜರ್ಮನಿಯಲ್ಲಿದ್ದ ತಮ್ಮ ತಂದೆಗೆ ಕಳಿಸಿದ್ರು, ಮುಂದಿನ ವರ್ಷ ವೆಂಡ್‌ಲ್ಯಾಂಡ್ ಅನ್ನೋ ಸಸ್ಯವಿಜ್ಞಾನಿ ಅದಕ್ಕೆ ಸೇಂಟ್‌ಪೌಲಿಯಾ ಅಂತ ಹೆಸರಿಟ್ರು. 2015ರಲ್ಲಿ ಅದನ್ನ ಸ್ಟ್ರೆಪ್ಟೋಕಾರ್ಪಸ್ ಕುಲಕ್ಕೇ ಸೇರಿಸಿಬಿಟ್ರು, ಅಂದ್ರೆ ನಮ್ಮ ಕಿಟಕಿಯ ಆ ಎರಡು ಗಿಡ ಬರೀ ನೆಂಟರಲ್ಲ, ದಾಯಾದಿಗಳೇ. ಅಲ್ಲಿ ಇದು ಬೆಳೆಯೋದು ಕಾಡಿನ ನೆರಳಲ್ಲಿ, ಪಾಚಿ ಹಿಡಿದ ಬಂಡೆ ಮೇಲೆ, ಬಂಡೆ ಸಂದಿಯಲ್ಲಿ ಸಿಕ್ಕೋ ಒಂದು ಹಿಡಿ ಎಲೆಗೊಬ್ಬರದಲ್ಲಿ. ನಮ್ಮ ಘಟ್ಟದ ಕಡೆ ಮಳೆಗಾಲದಲ್ಲಿ ಹೋದೋರಿಗೆ ಈ ಚಿತ್ರ ಹೊಸದೇನಲ್ಲ, ಇದೇ ಕುಟುಂಬದ ರಿಂಕೋಗ್ಲಾಸಮ್ ಅನ್ನೋ ನೀಲಿ ಹೂವಿನ ಗಿಡ ಪಶ್ಚಿಮ ಘಟ್ಟದ ಒದ್ದೆ ಬಂಡೆಗಳ ಮೇಲೂ ಹಿಂಗೇ ಬರತ್ತೆ. ಬಂಡೆ ಯಾವಾಗ್ಲೂ ಒದ್ದೆ ಇರತ್ತೆ ನಿಜ, ಆದ್ರೆ ನೀರು ಹರಿದು ಹೋಗ್ತಾನೇ ಇರತ್ತೆ, ಬೇರಿನ ಸುತ್ತ ಗಾಳಿ ಆಡ್ತಿರತ್ತೆ, ಬೇರು ನೀರಲ್ಲಿ ನಿಲ್ಲಲ್ಲ. ನಾವು ಕೊಡ್ಬೇಕಿರೋದೂ ಅದನ್ನೇ: ತೇವ ಬೇಕು, ನೀರು ನಿಲ್ಲಬಾರದು.

ಈಗ ಪತ್ತೆ ಕೆಲಸ. ಜೋತುಬಿದ್ದ ಗಿಡದ ಕುಂಡವನ್ನ ಒಂದೇ ಕೈಲಿ ಎತ್ತಿ. 4 ಇಂಚಿನ ಪ್ಲಾಸ್ಟಿಕ್ ಕುಂಡ ಒಣಗಿದ್ರೆ ಖಾಲಿ ಲೋಟ ಎತ್ತಿದಂಗೆ ಇರತ್ತೆ, ತೇವ ಇದ್ರೆ ಕೈಗೆ ಭಾರ ಗೊತ್ತಾಗತ್ತೆ. ಇದು ಅಭ್ಯಾಸದಿಂದ ಬರೋದು, ಅದಕ್ಕೇ ಗಿಡ ಚೆನ್ನಾಗಿರೋವಾಗ್ಲೂ ದಿನಾ ಒಂದ್ಸಲ ಎತ್ತಿ ಇಡಿ, ಹತ್ತು ದಿನದಲ್ಲಿ ಕೈಗೆ ಲೆಕ್ಕ ಸಿಗತ್ತೆ. ಮೇಲಿನ ಮಣ್ಣು ಮುಟ್ಟಿ ನೋಡೋದನ್ನ ನಂಬಬೇಡಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಒಣಗಿ ತಿಳಿ ಕಂದು ಬಣ್ಣಕ್ಕೆ ತಿರುಗಿರತ್ತೆ, ಎರಡು ಇಂಚು ಕೆಳಗೆ ಹಿಂಡಿದ್ರೆ ನೀರು ಬರೋ ಹಂಗಿರತ್ತೆ.

ಹಗುರ ಇದ್ರೆ ಬಾಯಾರಿಕೆ, ಸುಲಭ. ಒಂದು ತಟ್ಟೆಯಲ್ಲಿ ಅರ್ಧ ಇಂಚು ನೀರು ಹಾಕಿ ಕುಂಡನ ಅದರಲ್ಲಿ ಅರ್ಧ ಗಂಟೆ ಕೂರಿಸಿ, ಮೇಲಿನ ಮಣ್ಣಿಗೆ ತೇವ ಏರಿದ ಮೇಲೆ ತೆಗೆದು ಬಸಿದುಬಿಡಿ. ಸ್ಟ್ರೆಪ್ಟೋಕಾರ್ಪಸ್ ಅಂತೂ ಸತ್ತೇಹೋಯ್ತು ಅನ್ನೋ ಹಂಗೆ ಮಲಗಿರತ್ತೆ, ಕೆಲವೇ ಗಂಟೆಯಲ್ಲಿ ಎದ್ದು ಕೂರತ್ತೆ. ನಮ್ಮನೇದು ಆವತ್ತು ಮಧ್ಯಾಹ್ನದ ಊಟದ ಹೊತ್ತಿಗೆ ನೆಟ್ಟಗಾಗಿತ್ತು. ತುಂಬಾ ದಿನ ಒಣಗಿದ ಕೋಕೋಪೀಟ್ ಮೇಲಿಂದ ಹಾಕಿದ ನೀರನ್ನ ಹೀರಲ್ಲ, ಕುಂಡದ ಗೋಡೆ ಪಕ್ಕದಿಂದ ಜಾರಿ ಕೆಳಗೆ ಬಂದ್ಬಿಡತ್ತೆ, ನಾವು ನೀರು ಕೊಟ್ವಿ ಅಂದ್ಕೊಂಡಿರ್ತೀವಿ ಗಿಡಕ್ಕೆ ಸಿಕ್ಕೇ ಇರಲ್ಲ, ಅದಕ್ಕೇ ತಟ್ಟೆಯಿಂದ ಕುಡಿಸೋದು.

ಭಾರ ಇದ್ದು ಜೋತುಬಿದ್ದಿದ್ರೆ ಅಲ್ಲಿಂದ ನಿಜವಾದ ಕೆಲಸ ಶುರು. ನೀರು ಹಾಕೋದನ್ನ ಪೂರ್ತಿ ನಿಲ್ಲಿಸಿ. ಮೊದಲು ಗಡಿಯಾರ ಮತ್ತೆ ಕ್ಯಾಲೆಂಡರ್ ನೋಡಿ: ಏಪ್ರಿಲ್ ಮಧ್ಯಾಹ್ನ ಎರಡು ಗಂಟೆ, ಮನೆಯೊಳಗೇ 33 ಡಿಗ್ರಿ ಅಂದ್ರೆ ಅದು ಬರೀ ಸೆಖೆ ಇರಬಹುದು. ವಯೊಲೆಟ್‌ಗೆ ಹಿತ ಅನ್ಸೋದು 18ರಿಂದ 25 ಡಿಗ್ರಿ ತನಕ, ಸ್ಟ್ರೆಪ್ಟೋಕಾರ್ಪಸ್‌ಗೆ ಇನ್ನೂ ತಂಪು ಬೇಕು. ಸೆಖೆಗೆ ಬಾಡಿದ ಗಿಡ ಸಂಜೆ ತಂಪಾದ ಮೇಲೆ ತಾನೇ ಎದ್ದೇಳತ್ತೆ. ಆ ಹೊತ್ತಲ್ಲಿ ಅದನ್ನ ತಂಪಿರೋ ರೂಮಿನ ನೆಲದ ಮೇಲೆ ಇಟ್ರೆ ಸಾಕು. ಬೇಸಿಗೆಯಲ್ಲಿ ಅತೀ ಹೆಚ್ಚು ಸ್ಟ್ರೆಪ್ಟೋಕಾರ್ಪಸ್ ಸಾಯೋದು ಹಿಂಗೇ, ಮಧ್ಯಾಹ್ನ ಬಾಡಿದ್ದಕ್ಕೆ ನೀರು, ಮಾರನೇ ದಿನ ಮತ್ತೆ ನೀರು, ವಾರದಲ್ಲಿ ಬೇರು ಕೊಳೆತು ನಿಜವಾಗ್ಲೂ ಬಾಡತ್ತೆ.

ಬೆಳಗ್ಗೆ ಆರಕ್ಕೂ ಜೋತುಬಿದ್ದೇ ಇದೆ, ಕುಂಡ ಭಾರ ಇದೆ. ಹಾಗಿದ್ರೆ ನಡುವಿನ ಚಿಕ್ಕ ಎಲೆಗಳನ್ನ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡ್ಸಿ. ಗಟ್ಟಿಯಾಗಿ ನಿಂತಿದ್ರೆ ಬುಡ ಇನ್ನೂ ಉಳಿದಿದೆ, ತೊಂದರೆ ಬೇರಲ್ಲಿದೆ. ಮೆತ್ತಗೆ ಕೈಗೇ ಬಂದುಬಿಟ್ರೆ, ಕಂದಾಗಿ ಲೋಳೆ ಥರ ಇದ್ರೆ ಬುಡ ಕೊಳೆತಿದೆ. ಮಲೆನಾಡಿನೋರಿಗೆ ಇದು ಬೇಗ ಅರ್ಥ ಆಗತ್ತೆ, ಅಡಿಕೆಗೆ ಬರೋ ಕೊಳೆ ರೋಗ ಇದ್ಯಲ್ಲ ಅದಕ್ಕೆ ಕಾರಣ ಫೈಟಾಫ್ತೊರಾ ಅನ್ನೋ ಬೂಷ್ಟಿನಂಥ ಸೂಕ್ಷ್ಮ ಜೀವಿ, ವಯೊಲೆಟ್ ಬುಡ ಕೊಳೆಸೋದ್ರಲ್ಲೂ ಅದೇ ಕುಲದ ಜೀವಿ ಇರತ್ತೆ, ಜೊತೆಗೆ ಪಿಥಿಯಮ್ ಅಂತ ಇನ್ನೊಂದು. ಎರಡಕ್ಕೂ ನಿಂತ ನೀರು ಅಂದ್ರೆ ಹಬ್ಬ. ನೀರು ತುಂಬಿದ ಮಣ್ಣಲ್ಲಿ ಗಾಳಿ ಇಲ್ದೆ ಬೇರು ಮೊದಲು ಸೋಲತ್ತೆ, ಆಮೇಲೆ ಇವು ಒಳಗೆ ನುಗ್ಗತ್ವೆ, ಬೇರು ಸತ್ತ ಮೇಲೆ ಸುತ್ತ ಎಷ್ಟು ನೀರಿದ್ರೂ ಎಲೆಗೆ ಒಂದು ಹನಿನೂ ಏರಲ್ಲ. ಅದಕ್ಕೇ ಒದ್ದೆ ಮಣ್ಣಲ್ಲೇ ಗಿಡ ಬಾಯಾರಿದಂಗೆ ಕಾಣೋದು.

ಗಿಡನ ಕುಂಡದಿಂದ ಹೊರಗೆ ತೆಗೀರಿ, ಹೆದರ್ಕೋಬೇಡಿ. ಆರೋಗ್ಯದ ಬೇರು ಬಿಳಿ ಅಥವಾ ತಿಳಿ ಕೆನೆ ಬಣ್ಣ, ಎಳೆದ್ರೆ ಸ್ವಲ್ಪ ಬಿಗಿ ಇರತ್ತೆ. ಸತ್ತಿದ್ದು ಕಂದು, ಎಳೆದ್ರೆ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಕೈಲಿ ಉಳಿಯತ್ತೆ. ನರ್ಸರಿಯಿಂದ ತಂದ ಗಿಡ ಆದ್ರೆ ಬೇರಿನ ಉಂಡೆ ಒಳಗೆ ಒಂದು ಚಿಕ್ಕ ಬಲೆ ಚೀಲ ಇದ್ಯಾ ಅಂತ ಹುಡುಕಿ, ಸಸಿ ಮಾಡೋವಾಗ ಹಾಕಿರ್ತಾರೆ, ತೆಗೆಯೋದಿಲ್ಲ. ಆ ಬಲೆ ಒಳಗಿನ ಪೀಟ್ ವಾರಗಟ್ಟಲೆ ಒದ್ದೆ ಇರತ್ತೆ, ಸುತ್ತ ನಾವು ಹಾಕಿದ ಮಣ್ಣು ಒಣಗಿರತ್ತೆ. ನನ್ನ ನೇರಳೆ ವಯೊಲೆಟ್ ಕೊಳೆತಿದ್ದು ಸರಿಯಾಗಿ ಆ ಬಲೆಯ ಗೆರೆಯಿಂದ ಶುರುವಾಗಿ. ಈಗ ಹೊಸ ಗಿಡ ತಂದ್ರೆ ಎರಡು ವಾರ ಬೇರೆ ಇಟ್ಟು, ಹೂ ಇದ್ರೂ ಸರಿ, ಬಲೆ ಕತ್ತರಿಸಿ ತೆಗೆದೇ ಕುಂಡ ಬದಲಾಯಿಸೋದು.

ಉಳಿಸೋದು ಹೆಂಗೆ ಅಂತ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ಇಲ್ಲಿ ಎಷ್ಟೋ ಜನ ಬೇಗ ಕೈ ಬಿಡ್ತಾರೆ. ಬ್ಲೇಡನ್ನ ಸ್ಪಿರಿಟ್‌ನಲ್ಲಿ ಒರೆಸಿ ಕಾಂಡನ ಕೆಳಗಿಂದ ತೆಳ್ಳಗೆ, ಸೌತೆಕಾಯಿ ಬಿಲ್ಲೆ ಮಾಡಿದಂಗೆ, ಕತ್ತರಿಸ್ತಾ ಬನ್ನಿ. ಪ್ರತಿ ಬಿಲ್ಲೆಯ ನಡುವೆ ನೋಡಿ, ಕಂದು ಚುಕ್ಕೆ ಇರೋ ತನಕ ಇನ್ನೂ ಕತ್ತರಿಸ್ಬೇಕು, ಪೂರ್ತಿ ತಿಳಿ ಹಸಿರು ಬಂದ್ಮೇಲೆ ನಿಲ್ಲಿಸಿ. ಹೊರಗಿನ ಎರಡು ಮೂರು ಸುತ್ತು ಎಲೆ, ಎಲ್ಲಾ ಹೂ ಮೊಗ್ಗು ತೆಗೆದುಬಿಡಿ, ಬೇರೇ ಇಲ್ಲದ ಗಿಡ ಅವನ್ನ ಸಾಕಕ್ಕಾಗಲ್ಲ. ಉಳಿದ ತಲೆನ ಅರ್ಧ ಪರ್ಲೈಟ್ (ಬಿಳಿ, ಹಗುರ ಕಲ್ಲಿನ ಹರಳು) ಅರ್ಧ ಕೋಕೋಪೀಟ್ ಮಿಶ್ರಣದಲ್ಲಿ, ಹಿಂಡಿದ್ರೆ ನೀರು ತೊಟ್ಟಿಕ್ಕಬಾರದು ಅಷ್ಟು ತೇವದಲ್ಲಿ, ಎರಡೂವರೆ ಇಂಚಿನ ಕುಂಡಕ್ಕೆ ಕೂರಿಸಿ, ಕುಂಡ ಸಮೇತ ಮುಚ್ಚಳ ಇರೋ ಪಾರದರ್ಶಕ ಡಬ್ಬದಲ್ಲಿ ಇಡಿ. ಬೆಳಕು ಇರ್ಲಿ ನೇರ ಬಿಸಿಲು ಬೇಡ, ಮುಚ್ಚಿದ ಡಬ್ಬ ಬಿಸಿಲಲ್ಲಿ ಗಿಡನ ಬೇಯಿಸಿಬಿಡತ್ತೆ. ಗೊಬ್ಬರ ಒಂದು ಕಾಳೂ ಬೇಡ. ಮೂರ್ನಾಲ್ಕು ವಾರಕ್ಕೆ ಬೇರು ಬರತ್ತೆ, ಮೆಲ್ಲಗೆ ಎಳೆದ್ರೆ ಗಿಡ ಬಿಗಿ ಹಿಡಿಯತ್ತೆ, ಆವಾಗ ಮುಚ್ಚಳನ ದಿನಾ ಸ್ವಲ್ಪ ಸ್ವಲ್ಪ ತೆಗೆದು ಹೊರಗಿನ ಗಾಳಿಗೆ ಒಗ್ಗಿಸಿ.

ಕತ್ತರಿಸ್ತಾ ಹೋದ್ರೆ ನಡುವಿನ ತನಕ ಕಂದೇ ಇದೆ ಅಂದ್ರೆ ತಲೆ ಹೋಯ್ತು. ಗಟ್ಟಿ ಇರೋ ಎಲೆ ಒಂದೆರಡು ಸಿಕ್ಕಿದ್ರೆ ಒಂದಿಂಚು ತೊಟ್ಟು ಬಿಟ್ಟು ಓರೆಯಾಗಿ ಕತ್ತರಿಸಿ ನೆಡಿ, ಎರಡು ಮೂರು ತಿಂಗಳಲ್ಲಿ ಬುಡದಿಂದ ಮರಿ ಬರತ್ವೆ. ಒಂದು ಮಾತು: ಹೂವಿನ ಎಸಳಲ್ಲಿ ಚಕ್ರದ ಥರ ಎರಡು ಬಣ್ಣದ ಪಟ್ಟೆ ಇರೋ ಕೈಮೆರಾ ಜಾತಿ ಎಲೆಯಿಂದ ಅದೇ ಬಣ್ಣಕ್ಕೆ ಬರಲ್ಲ, ಅದಕ್ಕೆ ಪಕ್ಕದ ಮರಿಯಿಂದಲೇ ಸಸಿ ಮಾಡ್ಬೇಕು, ಹಾಗಾಗಿ ಅಂಥ ಗಿಡದ ತಲೆ ಉಳಿಸೋಕೆ ಇನ್ನೂ ಹೆಚ್ಚು ಶ್ರಮ ಹಾಕಿ.

ಕೊಳೆಗೆ ಮೂಲ ಕಾರಣ ಬಗೆಹರಿಸ್ದೆ ಮತ್ತೆ ನೆಟ್ರೆ ಮತ್ತೆ ಅದೇ. ಮುಕ್ಕಾಲು ಪಾಲು ಕುಂಡ ದೊಡ್ಡದಾಗಿರತ್ತೆ. ಎಲೆಗಳ ಹರವು 9 ಇಂಚಿದ್ರೆ ಕುಂಡ 3 ಇಂಚು, ಮೂರನೇ ಒಂದು ಭಾಗ, ಇದು ಹಳೇ ಲೆಕ್ಕ, ಈಗ್ಲೂ ಸರಿ. ಬತ್ತಿ ಹಾಕಿ ಕೆಳಗಿನ ಡಬ್ಬದಿಂದ ನೀರು ಕುಡಿಸೋರು ಪರ್ಲೈಟ್ ಅರ್ಧಕ್ಕಿಂತ ಕಡಿಮೆ ಹಾಕ್ಬೇಡಿ, ಬತ್ತಿಗೆ ಹತ್ತಿ ದಾರ ಬೇಡ ಅದು ಕೊಳೆಯತ್ತೆ, ನೈಲಾನ್ ಅಥವಾ ಅಕ್ರಿಲಿಕ್ ಉಲ್ಲನ್ ದಾರ ಹಾಕಿ. ತಳದಲ್ಲಿ ತೂತಿಲ್ಲದ ಚಂದದ ಪಿಂಗಾಣಿ ಕುಂಡದಲ್ಲಿ ನೇರ ನೆಡೋದಂತೂ ದಯವಿಟ್ಟು ಬೇಡ.

ಕೊಳೆ ಅಂತ ತಪ್ಪು ತಿಳ್ಕೊಳ್ಳೋದು ಇನ್ನೊಂದಿದೆ, ಉಪ್ಪು. ಬೆಂಗಳೂರಲ್ಲಿ ಕಾವೇರಿ ನೀರು ಬರೋ ಮನೆಗೂ ಬರೀ ಬೋರ್‌ವೆಲ್ ಇರೋ ಅಪಾರ್ಟ್‌ಮೆಂಟಿಗೂ ಗಿಡದಲ್ಲೇ ವ್ಯತ್ಯಾಸ ಕಾಣತ್ತೆ. ಬೋರ್‌ವೆಲ್ ನೀರಲ್ಲಿ ಸುಣ್ಣದ ಅಂಶ ಜಾಸ್ತಿ, ಕುಂಡದ ಅಂಚಲ್ಲಿ ಬಿಳಿ ಹುಡಿ ಕಟ್ಟತ್ತೆ, ಕೆಳಗಿನ ಎಲೆಯ ತೊಟ್ಟು ಆ ಅಂಚಿಗೆ ತಾಗೋ ಜಾಗದಲ್ಲೇ ಕಂದಾಗಿ ಮೆತ್ತಗಾಗಿ ಎಲೆ ಕಳಚಿಕೊಳ್ಳತ್ತೆ. ಗುರುತು ಏನಂದ್ರೆ ಕೊಳೆ ನಡುವಿಂದ ಹೊರಕ್ಕೆ ಬರತ್ತೆ, ಉಪ್ಪಿನ ಸುಡು ಅಂಚಿಂದ ಮಾತ್ರ ಶುರುವಾಗತ್ತೆ, ನಡು ಗಟ್ಟಿ ಇರತ್ತೆ. ನಡುವಿನ ಎಳೇ ಎಲೆ ಮೇಲೆ ಕಿತ್ತಳೆ ಬಣ್ಣದ ಸಣ್ಣ ಹರಳು ಕಂಡ್ರೆ ಗೊಬ್ಬರ ಜಾಸ್ತಿಯಾಗಿದೆ. ತಿಂಗಳಿಗೊಮ್ಮೆ ಮೇಲಿಂದ ಧಾರಾಳವಾಗಿ ನೀರು ಹಾಕಿ ತಳದಿಂದ ಪೂರ್ತಿ ಹರಿದು ಹೋಗೋಕೆ ಬಿಡಿ, ಆ ನೀರು ತಟ್ಟೆಯಲ್ಲಿ ನಿಲ್ಲಬಾರದು. ಮಳೆಗಾಲದಲ್ಲಿ ಬಕೆಟ್ ಇಟ್ಟು ಮಳೆ ನೀರು ಹಿಡೀರಿ, ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರೋದು) ಲೀಟರಿಗೆ ಕಾಲು ಗ್ರಾಂ ಸಾಕು, ಪ್ಯಾಕೆಟ್ ಮೇಲೆ ಬರೆದಿರೋದು ಹೊಲದ ಲೆಕ್ಕ. ಹೊಸ ಕೋಕೋಪೀಟ್ ಇಟ್ಟಿಗೆಯಲ್ಲೂ ಉಪ್ಪಿರತ್ತೆ, ಎರಡು ಮೂರು ಸಲ ತೊಳೆದೇ ಬಳಸಿ.

ಎಪೀಶಿಯಾ ವಿಷಯ ಬೇರೆ. ಅದು ಅಮೆರಿಕದ ಉಷ್ಣ ಕಾಡಿನ ಗಿಡ, 15-16 ಡಿಗ್ರಿಗಿಂತ ಕೆಳಗೆ ಹೋದ್ರೆ ತಡ್ಕೊಳಲ್ಲ, ಬೆಂಗಳೂರಿನ ಜನವರಿ ರಾತ್ರಿ ತೆರೆದ ಕಿಟಕಿ ಪಕ್ಕ ಇಟ್ರೆ ಬೆಳಗ್ಗೆ ಎಲೆ ಬೇಯಿಸಿದ ಸೊಪ್ಪಿನಂಗೆ ನೀರಾಗಿ ಕಪ್ಪಾಗ್ತಾ ಬರತ್ತೆ. ಬೇರು ತೆಗೆದು ನೋಡಿದ್ರೆ ಬೆಳ್ಳಗಿರತ್ತೆ, ಅಲ್ಲೇ ಗೊತ್ತಾಗೋದು. ಕಪ್ಪಾದ ಎಲೆ ತೆಗೆದು ಬೆಚ್ಚಗೆ ಒಳಗಿಡಿ, ನೀರು ಕಡಿಮೆ ಮಾಡಿ. ಬಳ್ಳಿಯ ತುದಿಯಲ್ಲಿ ಮರಿ ಇದ್ರೆ ಅದನ್ನ ಕತ್ತರಿಸಿ ಡಬ್ಬದಲ್ಲಿ ಬೇರು ಬರಿಸ್ಕೊಳ್ಳಿ. ನಂದು ಹಂಗೇ ಉಳಿದಿದ್ದು, ತಾಯಿ ಗಿಡ ಹೋಯ್ತು ಎರಡು ಮರಿ ಬದುಕಿದ್ವು.

ಇನ್ನು ಇದೇ ಕುಟುಂಬದ ಗ್ಲಾಕ್ಸಿನಿಯಾ. ಸಾಗರದ ಹತ್ರ ನನ್ನ ತವರುಮನೆ ಜಗಲಿಯಲ್ಲಿ ಕೆಂಪು ಮಖಮಲ್ಲಿನಂಥ ಗಂಟೆ ಹೂ ಸಾಲಾಗಿ ಇರ್ತಿತ್ತು, ಮಳೆಗಾಲ ಮುಗಿದು ಚಳಿ ಹತ್ತಿರ ಬಂದ್ರೆ ಎಲೆ ಹಳದಿಯಾಗಿ ಜೋತುಬಿದ್ದು ಒಣಗಿಹೋಗ್ತಿತ್ತು. ನಾನು ನೀರು ಹಾಕೋಕೆ ಹೋದ್ರೆ ಅಮ್ಮ "ಅದು ಮಲಗಿದೆ ಮಾರಾಯ್ತಿ, ಎಬ್ಬಿಸ್ಬೇಡ" ಅಂತಿದ್ರು. ಅಮ್ಮ ಹೇಳಿದ್ದು ಅಕ್ಷರಶಃ ಸರಿ. ಬ್ರೆಜಿಲ್ ಮೂಲದ ಈ ಗಿಡಕ್ಕೆ ಕೆಳಗೆ ಗೆಡ್ಡೆ ಇದೆ, ಹೂ ಬಿಟ್ಟಾದ ಮೇಲೆ ಕೆಲವು ತಿಂಗಳು ವಿಶ್ರಾಂತಿ ತಗೊಳತ್ತೆ. ನಗರದಲ್ಲಿ ಹೂ ಇರೋ ಗಿಡ ತಂದೋರು ಈ ಹಂತದಲ್ಲೇ ಸತ್ತೋಯ್ತು ಅಂತ ಕಸಕ್ಕೆ ಹಾಕ್ತಾರೆ, ಇಲ್ಲ ಎಬ್ಬಿಸೋಕೆ ಅಂತ ನೀರು ಸುರಿದು ಗೆಡ್ಡೆ ಕೊಳೆಸ್ತಾರೆ, ನನಗೆ ಇದನ್ನ ನೋಡಿದ್ರೆ ನಿಜವಾಗ್ಲೂ ಸಂಕಟ ಆಗತ್ತೆ. ಅನುಮಾನ ಇದ್ರೆ ಮಣ್ಣು ಸರಿಸಿ ಗೆಡ್ಡೆನ ಒತ್ತಿ ನೋಡಿ. ಆಲೂಗಡ್ಡೆ ಥರ ಗಟ್ಟಿ ಇದ್ರೆ ಮಲಗಿದೆ, ಮೆತ್ತಗೆ ಒಳಗೆ ಹೋದ್ರೆ ಕೊಳೆತಿದೆ. ಮಲಗಿದ್ದಕ್ಕೆ ಎರಡು ಮೂರು ವಾರಕ್ಕೊಮ್ಮೆ ಒಂದೆರಡು ಚಮಚ ನೀರು ಸಾಕು, ಗೆಡ್ಡೆ ಸುಕ್ಕಾಗದೆ ಇದ್ರೆ ಆಯ್ತು. ಹಸಿರು ಮೊಳಕೆ ಕಂಡ ದಿನ ಹೊಸ ಮಣ್ಣು, ಬೆಳಕು, ನೀರು ಶುರು ಮಾಡಿ. ಇದೇ ಕುಟುಂಬದ ಅಕಿಮೆನೀಸ್ ಕೂಡ ಹಿಂಗೇ, ಅದಕ್ಕೆ ಗೆಡ್ಡೆ ಬದಲು ಹುರುಪೆ ಹುರುಪೆಯ ಪುಟ್ಟ ಬೇರುಗಡ್ಡೆ ಇರತ್ತೆ, ಬೆಳೆಯೋ ಕಾಲದಲ್ಲಿ ಒಮ್ಮೆ ಪೂರ್ತಿ ಒಣಗಿಸಿದ್ರೂ ಹೂ ಬಿಡೋದು ಬಿಟ್ಟು ಮಲಗಿಬಿಡತ್ತೆ, ಅಷ್ಟು ಸೂಕ್ಷ್ಮ.

ಸ್ಟ್ರೆಪ್ಟೋಕಾರ್ಪಸ್ ಎಲೆ ತುದಿ ಒಣಗಿ ಕಂದಾಗಿ, ಒಂದು ಗೆರೆ ಎಳೆದಂಗೆ ಅಲ್ಲಿಗೇ ನಿಂತಿದ್ರೆ ಅದು ರೋಗ ಅಲ್ಲ. ಹಳೇ ಎಲೆ ತುದಿನ ತಾನೇ ಬಿಡೋ ಕ್ರಮ ಅದು. ಕತ್ತರಿಯಲ್ಲಿ ತೆಗೆದುಬಿಡಿ.

ಎಲೆ ಜೋತುಬಿದ್ದಿಲ್ಲ, ನಡು ಮಾತ್ರ ಮುದುಡಿದೆ ಅಂದ್ರೆ ಭೂತಗನ್ನಡಿ ತಗೊಳ್ಳಿ. ನಡುವಿನ ಎಲೆಗಳು ಬೂದು ಬಣ್ಣಕ್ಕೆ ತಿರುಗಿ, ಜಾಸ್ತಿ ರೋಮ ಬಂದಂಗೆ ಕಂಡು, ತಿರುಚಿಕೊಂಡು, ಮುಟ್ಟಿದ್ರೆ ಮುರಿಯೋ ಹಂಗಿದ್ರೆ ಸೈಕ್ಲಮೆನ್ ನುಸಿ ಇರಬಹುದು. ಕಣ್ಣಿಗೆ ಕಾಣಲ್ಲ, ಕಾಲು ಮಿಲಿಮೀಟರ್ ಅಷ್ಟೇ. ಬೆಳಕು ಜಾಸ್ತಿಯಾದ್ರೂ ನಡು ಬಿಗಿಯಾಗತ್ತೆ, ಆದ್ರೆ ಆವಾಗ ಎಲೆ ತಿಳಿಯಾಗಿ ಹಳದಿ ಹೊಡೆಯತ್ತೆ, ಬೂದಾಗಿ ತಿರುಚಲ್ಲ. ಗೊತ್ತಾಗ್ಲಿಲ್ಲ ಅಂದ್ರೆ ಗಿಡನ ಬೇರೆ ರೂಮಿಗೆ ಹಾಕಿ, ಬೆಳಕು ಕಡಿಮೆ ಮಾಡಿ, ಮಣ್ಣಲ್ಲಿ ನೀರು ಹರಿಸಿ ಉಪ್ಪು ತೊಳೆದು ಮೂರು ವಾರ ಕಾಯಿರಿ. ಹೊಸ ಎಲೆ ಸರಿ ಬಂದ್ರೆ ನುಸಿ ಅಲ್ಲ. ಬರ್ಲಿಲ್ಲ ಅಂದ್ರೆ ಕವರಿಗೆ ಹಾಕಿ ಕಟ್ಟಿ ಎಸೀರಿ, ಕಾಂಪೋಸ್ಟಿಗೆ ಬೇಡ. ಒಂದು ಗಿಡದ ಮೇಲಿನ ಮೋಹಕ್ಕೆ ಇಪ್ಪತ್ತು ಗಿಡ ಕಳ್ಕೊಂಡೋರನ್ನ ನೋಡಿದೀನಿ. ಹೂವಿನ ಎಸಳ ಮೇಲೆ ಹಳದಿ ಪುಡಿ ಚೆಲ್ಲಿದ್ರೆ ಥ್ರಿಪ್ಸ್ ಅನ್ನೋ ಸಣ್ಣ ಕೀಟ, ಎಲ್ಲಾ ಗಿಡದ ಎಲ್ಲಾ ಹೂ ಮೊಗ್ಗು ಎರಡು ತಿಂಗಳು ಕಿತ್ತು ಹಾಕ್ತಾ ಇರಿ, ಅವಕ್ಕೆ ಊಟನೇ ಪರಾಗ. ಬೇರಿನ ಉಂಡೆಯ ಮೇಲೆ ಅಕ್ಕಿ ನುಚ್ಚಿನಂಥ ಬಿಳಿ ಹುಳ ಇದ್ರೆ ಮಣ್ಣಿನ ಹಿಟ್ಟುತಿಗಣೆ, ಪರ್ಲೈಟ್ ಅಂತ ಮೋಸ ಹೋಗ್ತೀವಿ, ಒತ್ತಿದ್ರೆ ಗೊತ್ತಾಗತ್ತೆ. ಡಿಸೆಂಬರ್‌ನಲ್ಲಿ ಎಲೆ ಮೇಲೆ ರಾಗಿಹಿಟ್ಟು ಉದುರಿಸಿದಂಗೆ ಬೂದಿ ರೋಗ ಬಂದ್ರೆ ಮೊದಲು ಗಿಡ ದೂರ ದೂರ ಇಟ್ಟು ಗಾಳಿ ಆಡೋಕೆ ಬಿಡಿ.

ಎಲೆ ಮೇಲೆ ಬಿಳಿ ಹಳದಿ ಉಂಗುರ ಮೂಡಿದ್ರೆ ಔಷಧಿ ಹುಡುಕ್ಬೇಡಿ, ಅದು ತಣ್ಣೀರಿನ ಗಾಯ. ಬೆಚ್ಚಗಿರೋ ಎಲೆ ಮೇಲೆ ಅದಕ್ಕಿಂತ ಬಹಳ ತಣ್ಣಗಿರೋ ಹನಿ ಬಿದ್ರೆ ಮೇಲ್ಪದರದ ಜೀವಕೋಶ ಸಾಯತ್ವೆ. ಚಳಿಗಾಲದ ಬೆಳಗ್ಗೆ ಮೇಲಿನ ಟ್ಯಾಂಕಿಂದ ಬರೋ ಮೊದಲ ನೀರೇ ಇದಕ್ಕೆ ಕಾರಣ. ರಾತ್ರಿನೇ ಬಕೆಟ್‌ನಲ್ಲಿ ಹಿಡಿದು ಮನೆಯೊಳಗೆ ಇಟ್ಟ ನೀರನ್ನ ಬಳಸಿ. ಆಗಿರೋ ಕಲೆ ಹೋಗಲ್ಲ, ಹೊಸ ಎಲೆ ಚೆನ್ನಾಗಿ ಬರತ್ತೆ.

ಹೂವೇ ಬರ್ತಿಲ್ಲ ಅನ್ನೋರಿಗೆ ಚಿಕ್ಕ ಉತ್ತರ: ಬೆಳಕು. ಎಲೆಯ ತೊಟ್ಟು ಉದ್ದ ಆಗಿ ಮೇಲಕ್ಕೆ ಕೈ ಎತ್ತಿದಂಗೆ ನಿಂತಿದ್ರೆ ಸಾಕಾಗ್ತಿಲ್ಲ. ಪೂರ್ವದ ಕಿಟಕಿ ಇಲ್ಲದಿದ್ರೆ ಎಲೆಯಿಂದ ಒಂದಡಿ ಮೇಲೆ ಬಿಳಿ ಎಲ್‌ಇಡಿ ಟ್ಯೂಬ್ ಕಟ್ಟಿ 12 ಗಂಟೆ ಉರಿಸಿ, ರಾತ್ರಿ 8 ಗಂಟೆಯಾದ್ರೂ ಕತ್ತಲೆ ಇರ್ಲೇಬೇಕು. ಮೊಗ್ಗು ಬಂದು ಉದುರ್ತಿದ್ರೆ ಪಕ್ಕದಲ್ಲಿ ಬಾಳೆಹಣ್ಣಿನ ಬುಟ್ಟಿ ಇದ್ಯಾ ನೋಡಿ, ಹಣ್ಣಾಗೋವಾಗ ಬರೋ ಎಥಿಲೀನ್ ಅನ್ನೋ ಅನಿಲ ಮೊಗ್ಗು ಉದುರಿಸತ್ತೆ.

ಆ ನೇರಳೆ ವಯೊಲೆಟ್‌ನ ಏಳು ಬಿಲ್ಲೆ ಕತ್ತರಿಸಿದ ಮೇಲೆ ಹಸಿರು ಸಿಕ್ತು, ಉಳಿದಿದ್ದು ಐದು ಎಲೆ. ಶಿವರಾತ್ರಿ ಕಳೆದ ಮೇಲೆ ಎಳೆದು ನೋಡಿದ್ರೆ ಬಿಗಿ ಹಿಡಿದಿತ್ತು. ಜೂನ್ ಕೊನೇಲಿ ಮೂರು ಮೊಗ್ಗು ಬಂತು. ಅತ್ತೆ ಈಗ ಚೊಂಬು ಪಕ್ಕಕ್ಕಿಟ್ಟು ಮೊದಲು ಕುಂಡ ಎತ್ತಿ ನೋಡ್ತಾರೆ, "ಇದು ಭಾರ ಇದೆ ನೋಡಮ್ಮ, ನಾಳೆ ಹಾಕೋಣ" ಅಂತಾರೆ.